ಹೊಳೆ ದಾಟಬಾರದೆಂಬ ಪಥ್ಯ

ನಾಯಿ ಕಚ್ಚಿದವರಿಗೆ ಮದ್ದು ಕೊಡುವ ಮನೆ ನಮ್ಮದು. ವಾಮದಪದವಿನಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಯಾರನ್ನು ಕೇಳಿದರೂ ನಮ್ಮ ಮನೆಯ ಗುರುತನ್ನು ಹಾಗೆಯೇ ಹೇಳುತ್ತಿದ್ದರು. ಆ ಮದ್ದು ನನ್ನ ಸೋದರಮಾವನಿಗೆ ಅವರ ಸೋದರಮಾವನಿಂದ ಬಂದದ್ದು, ಅವರಿಂದ ನನಗೆ. ನಮ್ಮಲ್ಲಿ ಗದ್ದೆ ಸೋದರಳಿಯನಿಗೆ ಬರುವ ಹಾಗೆ ಮದ್ದೂ ಅಳಿಯನಿಗೇ ಬರುತ್ತದೆ. ಗದ್ದೆ ಬೇಡ ಎಂದು ಒಬ್ಬ ಎದ್ದು ಹೋಗಬಹುದು. ಮದ್ದು ಬೇಡ ಎನ್ನುವ ಹಾಗಿಲ್ಲ, ಯಾಕೆಂದರೆ ಬೆಳಗಾದರೆ ಯಾರೋ ಕಾಲಿಗೆ ಬಟ್ಟೆ ಸುತ್ತಿಕೊಂಡು ಅಂಗಳದಲ್ಲಿ ನಿಂತಿರುತ್ತಾರೆ.

ಕ್ರಮ ಹೀಗಿತ್ತು. ಕಚ್ಚಿಸಿಕೊಂಡವರು ಒಂದು ತೆಂಗಿನಕಾಯಿ, ಐದು ವೀಳ್ಯದೆಲೆ ತಂದು ಚಾವಡಿಯ ಮೆಟ್ಟಿಲ ಮೇಲೆ ಇಡಬೇಕು. ಅದಕ್ಕಿಂತ ಹೆಚ್ಚಿನದನ್ನು ಅವರು ತರಬಾರದು, ನಾವು ಮುಟ್ಟಬಾರದು. ಮಾರನೇ ದಿನ ಹೊತ್ತು ಮೂಡುವ ಮುಂಚೆ ನಾನು ಗುಡ್ಡಕ್ಕೆ ಹೋಗಿ ಬೇರು ಅಗೆಯಬೇಕು. ದಾರಿಯಲ್ಲಿ ಯಾರು ಎದುರಾದರೂ ಮಾತಾಡುವ ಹಾಗಿಲ್ಲ. ಬೇರಿಗೆ ಕಬ್ಬಿಣ ತಾಗಬಾರದು, ಹಾಗಾಗಿ ಮರದ ಗೂಟದಲ್ಲೇ ಕೆದಕಬೇಕು. ಅದಕ್ಕೆಂದೇ ಬೇರೆ ಇಟ್ಟ ಕಲ್ಲಿನಲ್ಲಿ ಬೇರಿನ ಸಿಪ್ಪೆಯನ್ನು ಆಡಿನ ಹಾಲು ಬಿಟ್ಟು ಅರೆದು ಮೂರು ಬೆಳಿಗ್ಗೆ ಕೊಡಬೇಕು. ತಿಂದ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ವಾಂತಿಯಾದರೆ ವಿಷ ಹೊರಗೆ ಬಂತು ಎಂದು ಎಲ್ಲರಿಗೂ ಸಮಾಧಾನ. ಅದು ಯಾವ ಬೇರು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಬಾಯಿಂದ ಬಂದರೆ ಮದ್ದಿನ ಶಕ್ತಿ ಹೋಗುತ್ತದೆ ಎಂದು ಮಾವ ಹೇಳುತ್ತಿದ್ದರು. ನಾನು ಬರೆಯದಿರುವುದು ಯಾರಾದರೂ ಓದಿ ಅಗೆಯಲು ಹೊರಟಾರು ಎಂಬ ಹೆದರಿಕೆಯಿಂದ.

ಮದ್ದಿಗಿಂತ ಪಥ್ಯ ದೊಡ್ಡದು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಮೀನು ತಿನ್ನಬಾರದು. ಗಾಯಕ್ಕೆ ಮೂರು ದಿನ ನೀರು ಮುಟ್ಟಿಸಬಾರದು. ಬಾವಿಗೆ ಬಗ್ಗಬಾರದು, ನೀರಿನಲ್ಲಿ ತನ್ನ ಮುಖ ನೋಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಹೊಳೆ ದಾಟಬಾರದು. ಹುಚ್ಚು ಹಿಡಿದ ನಾಯಿ ನೀರಿಗೆ ಹೆದರುವುದನ್ನು ಎಲ್ಲರೂ ಕಂಡವರೇ. ನೀರು ಕಂಡರೆ ಒಳಗೆ ಮಲಗಿದ ವಿಷ ಎದ್ದು ಕೂರುತ್ತದೆ ಎಂಬುದು ಮಾವನ ವಿವರಣೆ. ಕೇಳಿದರೆ ಸರಿ ಎನಿಸುವಂಥ ಮಾತು, ನನಗೂ ಸರಿ ಎನಿಸಿತ್ತು.

ನಾನು ಹೇಳಹೊರಟದ್ದು ನಡೆದದ್ದು ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ. ನನಗೆ ಆಗ ಮೂವತ್ತು ದಾಟಿತ್ತು. ಮಾವನ ಕಣ್ಣು ಮಂಜಾಗಿ ಬೇರಿನ ಕೆಲಸವೆಲ್ಲ ನನ್ನ ಕೈಗೆ ಬಂದು ಆರು ವರ್ಷವಾಗಿತ್ತು. ಬೇಸಿಗೆ ಶುರುವಾಗುವ ಹೊತ್ತು, ಒಂದು ಸೋಮವಾರ ಬೆಳಿಗ್ಗೆ, ನಮ್ಮ ಒಕ್ಕಲಿನ ಮನೆಯ ಅತ್ತೆ ಸೊಸೆ ಇಬ್ಬರೂ ದನದ ಹಟ್ಟಿಗೆ ಹಾಸಲು ತರಗೆಲೆ ಗುಡಿಸಲಿಕ್ಕೆ ಗುಡ್ಡಕ್ಕೆ ಹೋಗಿದ್ದರು. ಸೊಸೆ ಬಗ್ಗಿ ಎಲೆಯನ್ನು ಬುಟ್ಟಿಗೆ ತುಂಬುತ್ತಿದ್ದಾಗ ಪೊದೆಯಿಂದ ಬಂದ ನರಿಯೊಂದು ನೇರ ಮುಖಕ್ಕೇ ಬಾಯಿ ಹಾಕಿತು. ಹಗಲು ಹೊತ್ತಿನಲ್ಲಿ ನರಿ ಮನುಷ್ಯರ ಹತ್ತಿರ ಬರುವುದೇ ಇಲ್ಲ. ಅತ್ತೆ ಎಲೆ ಗುಡಿಸುವ ಹಿಡಿಸೂಡಿಯಿಂದ ಅದರ ಬೆನ್ನಿಗೆ ಬಾರಿಸಿದಳು. ಅದು ತಿರುಗಿ ಅವಳ ಅಂಗೈ ಕಚ್ಚಿ ಹಳ್ಳದ ಕಡೆಗೆ ಓಡಿತು.

ಸೊಸೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಬೀಡಿ ಕಟ್ಟುವುದರಲ್ಲಿ ಅವಳ ಬೆರಳು ಓಡುವುದನ್ನು ನೋಡಲೆಂದೇ ಅಕ್ಕಪಕ್ಕದ ಹೆಂಗಸರು ಬಂದು ಕೂರುತ್ತಿದ್ದರು. ಅವಳು ನಮ್ಮ ಅಂಗಳಕ್ಕೆ ಬಂದಾಗ ಎಡಗೆನ್ನೆ ಹರಿದು ಮೇಲ್ತುಟಿಯವರೆಗೆ ಸೀಳಿತ್ತು. ಯಾರೋ ಸುಣ್ಣ ಮೆತ್ತಿದ್ದರು. ಜೊತೆಗೆ ಅತ್ತೆ, ಅತ್ತೆಯ ಮಗ, ಎಂದರೆ ಸೊಸೆಯ ಗಂಡ.

"ಧಣಿ, ಬದುಕ್ತಾಳಾ ಇವಳು?" ಎಂದು ಅತ್ತೆ ಕೇಳಿದಳು. ತನ್ನ ಅಂಗೈಯಿಂದ ರಕ್ತ ಹನಿಯುವುದರ ಕಡೆಗೆ ಅವಳ ಗಮನವೇ ಇರಲಿಲ್ಲ.

"ನಮ್ಮ ಮದ್ದು ತಿಂದವರಿಗೆ ಎಂತ ಆಗ್ತದೆ? ಹೆದರಬೇಡಿ," ಎಂದೆ. "ಗಾಯಕ್ಕೆ ನೀರು ಮುಟ್ಟಿಸಬೇಡಿ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ."

ಎಷ್ಟು ಸುಲಭವಾಗಿ ಬಂತು ಆ ಮಾತು. ಮನೆಯ ಹೆಸರು ಬೆನ್ನಿಗೆ ಇದ್ದರೆ ಬಾಯಿಗೆ ಧೈರ್ಯ ತಾನಾಗಿ ಬರುತ್ತದೆ.

ಮಂಗಳವಾರ ಬೆಳಿಗ್ಗೆ ಮೊದಲ ಮದ್ದು ಕೊಟ್ಟೆ. ಇಬ್ಬರಿಗೂ ವಾಂತಿಯಾಯಿತು. ಸೊಸೆಗೆ ವಾಂತಿಯ ರಭಸಕ್ಕೆ ತುಟಿಯ ಗಾಯ ಮತ್ತೆ ಬಿರಿದು ರಕ್ತ ಬಂತು. ಅವಳ ಗಂಡ ಸುಣ್ಣ ತರಲು ಓಡಿದ.

ಅದೇ ದಿನ ಮಧ್ಯಾಹ್ನ ಹೆಲ್ತ್ ಇನ್ಸ್‌ಪೆಕ್ಟರ್ ನಮ್ಮಲ್ಲಿಗೆ ಬಂದರು. ಆ ಕಾಲದಲ್ಲಿ ಮಲೇರಿಯಾಕ್ಕೆಂದು ಮನೆಮನೆಗೆ ಡಿಡಿಟಿ ಹೊಡೆಸುತ್ತಿದ್ದರು. ಇವರು ಸೈಕಲ್ಲಿನಲ್ಲಿ ಹಿಂದೆಯೇ ಬಂದು ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗುತ್ತಿದ್ದರು. ಘಟ್ಟದ ಮೇಲಿನ ಯುವಕ, ತುಳು ಬಾರದು. ಒಕ್ಕಲಿನ ಮನೆಯಲ್ಲಿ ಸೊಸೆಯ ಮುಖ ಕಂಡು ವಿಚಾರಿಸಿಕೊಂಡು ನನ್ನ ಹತ್ತಿರ ಬಂದಿದ್ದರು.

"ಆ ಇಬ್ಬರನ್ನೂ ಇವತ್ತೇ ಮೂಡಬಿದ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಡಾಕ್ಟರ ಹತ್ತಿರ ಈಗ ಹುಚ್ಚುನಾಯಿ ಕಡಿತದ ಇಂಜೆಕ್ಷನ್ ಬಂದಿದೆ. ಮುಖಕ್ಕೆ ಕಚ್ಚಿದೆ, ತಡ ಮಾಡೋ ಹಾಗಿಲ್ಲ," ಎಂದರು.

"ಮದ್ದು ಶುರುವಾಗಿದೆ. ಮೂರು ದಿನ ಮುಗಿಯಬೇಕು," ಎಂದೆ.

"ಮೂರು ದಿನ ಮುಗಿದ ಮೇಲೆ ಹೋಗ್ತಾರಾ?"

ಮೂಡಬಿದ್ರೆಗೆ ಹೋಗಬೇಕಾದರೆ ಹೊಳೆ ದಾಟಲೇಬೇಕು. ದೋಣಿ ಬಿಟ್ಟರೆ ದಾರಿಯಿಲ್ಲ. ಸರಕಾರದವರಿಗೆ ನಮ್ಮ ಪಥ್ಯ ಹೇಳಿ ನಗಿಸಿಕೊಳ್ಳುವುದು ಯಾಕೆ ಎಂದು ಸುಮ್ಮನಿದ್ದೆ. ಅವರಿಗೆ ಸಿಟ್ಟು ಬಂದದ್ದು ಗೊತ್ತಾಯಿತು. ಒಂದು ಲೋಟ ಮಜ್ಜಿಗೆ ಕೊಟ್ಟೆ, ಕುಡಿಯದೆ ಹೋದರು. ನನಗೂ ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದ ಹುಡುಗ ನಮ್ಮ ಅಂಗಳದಲ್ಲಿ ನಿಂತು ನಮಗೇ ಹೇಳುವುದೆಂದರೇನು ಎಂದು ಆ ದಿನವೆಲ್ಲ ಮನಸ್ಸಿನೊಳಗೇ ಅವರ ಜೊತೆ ಜಗಳ ಮಾಡಿದೆ. ಅಷ್ಟು ಹೊತ್ತನ್ನು ಆ ಹುಡುಗಿಯ ಕೆನ್ನೆಯ ಬಗ್ಗೆ ಯೋಚಿಸಲು ಬಳಸಿದ್ದರೆ ಒಂದು ದಿನವಾದರೂ ಉಳಿಯುತ್ತಿತ್ತು.

ಬುಧವಾರ ಎರಡನೆಯದು. ಗುರುವಾರ ಮೂರನೆಯದು. ಗುರುವಾರ ಬೇರು ಅಗೆದು ಬರುವಾಗ ಹಳ್ಳದ ಬದಿಯಲ್ಲಿ ನರಿ ಸತ್ತು ಬಿದ್ದದ್ದನ್ನು ಕಂಡೆ. ಮೈಮೇಲೆ ಒಂದು ಪೆಟ್ಟಿನ ಗುರುತಿಲ್ಲ. ಬಾಯಿಯ ಸುತ್ತ ನೊರೆ ಒಣಗಿ ಮಣ್ಣು ಅಂಟಿತ್ತು, ಹಲ್ಲಿನ ನಡುವೆ ಕಟ್ಟಿಗೆಯ ಚೂರು. ಯಾರೂ ಹೊಡೆಯದೆ ಅದಾಗಿಯೇ ಸತ್ತ ನರಿ. ಮಾತಾಡಬಾರದ ಹೊತ್ತು, ಮಾತಾಡಲು ಯಾರೂ ಇರಲಿಲ್ಲ. ಆದರೂ ನನ್ನ ಬಾಯಿಯಿಂದ "ಅಯ್ಯೋ ದೇವರೇ" ಎಂದು ಬಂದೇಬಿಟ್ಟಿತು. ನನಗೆ ಮೊದಲ ಸಲ ಹೆದರಿಕೆಯಾಯಿತು. ಮದ್ದು ಕೆಟ್ಟಿತಲ್ಲ ಎಂದು ಹೆದರಿಕೆಯಾದದ್ದಲ್ಲ. ನಾನು ಇದುವರೆಗೆ ಮದ್ದು ಕೊಟ್ಟವರಲ್ಲಿ ಎಷ್ಟು ಮಂದಿಯನ್ನು ಕಚ್ಚಿದ ಪ್ರಾಣಿ ಹೀಗೆ ಸತ್ತಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಿಗೆ ಬಂದದ್ದು ಬಹಳ ಕಡಿಮೆ. ಉಳಿದವರನ್ನು ಕಚ್ಚಿದ ನಾಯಿಗಳು ಆಮೇಲೂ ಊರಲ್ಲಿ ಓಡಾಡಿಕೊಂಡೇ ಇದ್ದವು.

ಆ ಸಂಜೆ ಇನ್ಸ್‌ಪೆಕ್ಟರ್ ಮತ್ತೆ ಬಂದರು. ಇಬ್ಬರನ್ನೂ ಕೂಡಲೇ ಕಳಿಸಿ ಎಂದು ಡಾಕ್ಟರು ಬರೆದ ಚೀಟಿ ತಂದಿದ್ದರು. ಈ ಸಲ ನಾನು ಕೂರಲು ಹೇಳಿ ಪಥ್ಯದ ವಿಷಯ ಬಿಚ್ಚಿ ಹೇಳಿದೆ. ಅವರು ನಗಲಿಲ್ಲ.

"ನಿಮ್ಮ ಮದ್ದು ತಿಂದೂ ಸತ್ತವರಿದ್ದಾರಾ?" ಎಂದು ಕೇಳಿದರು.

"ಇದ್ದಾರೆ. ನನಗೆ ಗೊತ್ತಿದ್ದ ಹಾಗೆ ಮೂರು ಜನ. ಮೂವರೂ ಪಥ್ಯ ಮುರಿದವರು."

"ಹೇಗೆ ಮುರಿದರು?"

"ಹೊಳೆ ದಾಟಿದ್ದಾರೆ. ನೇತ್ರಾವತಿಯ ಆಚೆ ಮಾಣಿಯ ಕಡೆಯ ಒಬ್ಬ ಇದ್ದ. ಮದ್ದು ತಿಂದು ನಾಲ್ಕನೇ ದಿನ ಪಾಣೆಮಂಗಳೂರಿನಲ್ಲಿ ಹೊಳೆಯ ಮೇಲಿನ ಸಂಕ ದಾಟಿ ಮನೆಗೆ ಹೋದ. ತಿಂಗಳೊಳಗೆ ಹೋದ."

"ಮಾಣಿಯಿಂದ ನಿಮ್ಮಲ್ಲಿಗೆ ಬರುವಾಗ ನೇತ್ರಾವತಿ ದಾಟದೆ ಹೇಗೆ ಬಂದ?"

"ಬರುವುದು ಬೇರೆ. ಮದ್ದು ತಿಂದ ಮೇಲೆ ದಾಟಬಾರದು."

"ಮಾಣಿಯ ಕಡೆಯಿಂದ ಬಂದು ಮದ್ದು ತಿಂದು ಬದುಕಿದವರೂ ಇದ್ದಾರಲ್ಲ? ಅವರು ಮನೆಗೆ ಹೇಗೆ ಹೋದರು?"

ನಾನು ಮನಸ್ಸಿನಲ್ಲೇ ಎಣಿಸಿದೆ. ಆ ಕಡೆಯಿಂದ ಬಂದು ಬದುಕಿದವರು ಹತ್ತಕ್ಕಿಂತ ಹೆಚ್ಚು ಜನ ಇದ್ದರು. ಎಲ್ಲರೂ ಅದೇ ಸಂಕದ ಮೇಲೆ ನಡೆದು ಮನೆಗೆ ಹೋದವರು. ನಮ್ಮ ಊರುಗಳಲ್ಲಿ ನಲವತ್ತೆಂಟು ದಿನ ನೀರು ದಾಟದೆ ಬದುಕುವುದು ಯಾರಿಗೆ ಸಾಧ್ಯ? ಸಂತೆಗೆ ಹೊಳೆ, ಮದುವೆಗೆ ಹೊಳೆ, ಕೋರ್ಟಿಗೆ ಹೊಳೆ. ಬದುಕಿದವನನ್ನು ದಾಟಿದೆಯಾ ಎಂದು ಯಾರೂ ಕೇಳುವುದಿಲ್ಲ. ಸತ್ತವನ ಮನೆಯಲ್ಲಿ ಅದನ್ನೇ ಮೊದಲು ಕೇಳುತ್ತಾರೆ, ಹೌದು ಎಂಬ ಉತ್ತರ ಯಾವಾಗಲೂ ಸಿಗುತ್ತದೆ. ಮೂರು ತಲೆಮಾರು ನಮ್ಮ ಮದ್ದಿನ ಮರ್ಯಾದೆ ಉಳಿದದ್ದು ಹೀಗೆ. ಬೇರಿನ ಕೆಲಸವೆಲ್ಲ ಆ ಹೊಳೆಯೇ ಮಾಡುತ್ತಿತ್ತು.

ಇನ್ಸ್‌ಪೆಕ್ಟರ್ ಹೋದ ಮೇಲೆ ಚಾವಡಿಯಲ್ಲಿ ಮಾವನ ಮುಂದೆ ಕೂತೆ. ಅವರು ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದರು.

"ಮಾವ, ಆ ಇಬ್ಬರನ್ನು ಮೂಡಬಿದ್ರೆಗೆ ಕಳಿಸುವ. ನೀವು ಪಥ್ಯ ಬಿಡಿಸಿ."

"ಬಿಡಿಸುವ ಕ್ರಮ ನಮ್ಮ ಮನೆಯಲ್ಲಿ ಇಲ್ಲ."

"ಮಾಣಿಯವ ಹೊಳೆ ದಾಟಿದ್ದಕ್ಕೇ ಸತ್ತದ್ದಾ? ನಿಜ ಹೇಳಿ."

ಕುಟ್ಟುವುದು ನಿಂತಿತು.

"ಅವನು ಸತ್ತ ಸುದ್ದಿ ಬಂದ ದಿನ ನಾನು ಊಟ ಮಾಡಲಿಲ್ಲ, ನಿನಗೆ ಗೊತ್ತುಂಟಾ?" ಎಂದರು. "ನಾಯಿ ಕಚ್ಚಿದವ ಬಂದು ಅಂಗಳದಲ್ಲಿ ನಿಂತಾಗ ನಾನು ಎಂತ ಹೇಳಬೇಕಿತ್ತು ಮಾರಾಯ? ಮನೆಗೆ ಹೋಗಿ ಸಾಯಿ ಅಂತಲಾ? ಆವಾಗ ಎಲ್ಲಿತ್ತು ನಿನ್ನ ಸೂಜಿ? ಹೆದರಿದವರಿಗೆ ಒಂದು ಧೈರ್ಯ ಬೇಕು. ಅದನ್ನು ಕೊಟ್ಟಿದ್ದೇನೆ."

"ಈಗ ಸೂಜಿ ಉಂಟಲ್ಲ."

"ಉಂಟಾದರೆ ಬೇಕಾದವರು ಮೊದಲೇ ಅಲ್ಲಿಗೆ ಹೋಗಲಿ. ನನ್ನ ಮನೆಯ ಮದ್ದು ತಿಂದವರು ಹೊಳೆ ದಾಟಬಾರದು. ಅಷ್ಟೇ."

ಮಾವ ಮೋಸಗಾರರಾಗಿರಲಿಲ್ಲ. ಹಾಗಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಜೀವಮಾನದಲ್ಲಿ ಒಬ್ಬರಿಂದಲೂ ಒಂದು ಕಾಸು ಮುಟ್ಟದ ಮನುಷ್ಯ. ಅವರ ಮುಂದೆ ನಾನು ಏನು ಹೇಳಿದರೂ ಅದು ಅವರ ಇಡೀ ಬಾಳನ್ನು ಒಲೆಗೆ ಹಾಕಿದ ಹಾಗೆ. ನಾನು ಎದ್ದು ಹೋದೆ.

ಶುಕ್ರವಾರ ಬೆಳಿಗ್ಗೆ ಒಕ್ಕಲಿನ ಮನೆಗೆ ಹೋಗಿ ನನ್ನ ಇಡೀ ಬಾಳಿನ ದೊಡ್ಡ ಸುಳ್ಳನ್ನು ಹೇಳಿದೆ.

"ಮಾವ ಪಥ್ಯ ಬಿಡಿಸಿದ್ದಾರೆ. ಹೊಳೆ ದಾಟಬಹುದು. ಹೊರಡುವ."

ಗಂಡ ಅನುಮಾನದಲ್ಲಿ ನಿಂತ. "ದೊಡ್ಡ ಧಣಿಯೇ ಹೇಳಿದ್ದಾ?"

"ಹೌದು, ಅವರೇ."

ಅತ್ತೆ ಒಂದು ಚೀಲಕ್ಕೆ ಎರಡು ಸೀರೆ, ಸ್ವಲ್ಪ ಅಕ್ಕಿ ಹಾಕಿಕೊಂಡಳು. ಸೊಸೆ ಬೀಡಿಯ ಮೊರವನ್ನು ಅಟ್ಟದ ಮೇಲಿಟ್ಟು ಇಲಿ ಮುಟ್ಟದ ಹಾಗೆ ಬಟ್ಟೆ ಮುಚ್ಚಿದಳು. ದೋಣಿ ನಿಲ್ಲುವ ಕಡವಿಗೆ ನಡೆದೆವು. ದೋಣಿಯಲ್ಲಿ ಕೂತ ಕೂಡಲೇ ಅತ್ತೆ ಕಣ್ಣು ಮುಚ್ಚಿಕೊಂಡಳು. ಸೊಸೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನನ್ನ ಕಡೆಗೆ ತಿರುಗಿದಳು.

"ಧಣಿ, ನೀರು ನೋಡಬಹುದಾ?"

"ನೋಡು," ಎಂದೆ.

ಅವಳು ಬಗ್ಗಿ ನೋಡಿದಳು. ನಾಲ್ಕು ದಿನದಿಂದ ಅವಳಿಗೆ ತನ್ನ ಮುಖ ಕಾಣಲು ಯಾರೂ ಬಿಟ್ಟಿರಲಿಲ್ಲ. ಆಚೆ ದಡ ಮುಟ್ಟುವವರೆಗೆ ತಲೆ ಎತ್ತಲಿಲ್ಲ. ಅವಳು ಏನು ಕಂಡಳು, ಏನು ಯೋಚಿಸಿದಳು ಎಂದು ನನಗೆ ಗೊತ್ತಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ.

ಮೂಡಬಿದ್ರೆ ಮುಟ್ಟುವಾಗ ಮಧ್ಯಾಹ್ನ. ಡಾಕ್ಟರು ಐವತ್ತು ದಾಟಿದವರು, ನಿಧಾನದ ಮನುಷ್ಯ. ಸುಣ್ಣ ಹೆಪ್ಪುಗಟ್ಟಿದ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಗಾಯ ತೊಳೆದಿದ್ದೀರಾ?"

"ಇಲ್ಲ."

"ಯಾರು ಬೇಡ ಅಂದದ್ದು?"

"ನಾನು," ಎಂದೆ.

ಅವರು ಬೈಯಲಿಲ್ಲ. ಸೋಪಿನ ತುಂಡನ್ನು ನನ್ನ ಕೈಗೆ ಕೊಟ್ಟರು. "ಹಾಗಾದರೆ ನೀವೇ ತೊಳೆಯಿರಿ. ಚೆನ್ನಾಗಿ ನೀರು ಬಿಟ್ಟು ತೊಳೆಯಿರಿ. ಕಚ್ಚಿದ ದಿನವೇ ಮಾಡಬೇಕಿತ್ತು, ಅದರಲ್ಲೇ ಅರ್ಧ ಕೆಲಸ ಆಗ್ತಿತ್ತು." ನಾನು ಅತ್ತೆಯ ಅಂಗೈ ತೊಳೆದೆ. ಸೊಸೆಯ ಕೆನ್ನೆ ತೊಳೆದೆ. ಸುಣ್ಣ ಬಿಟ್ಟು ಬರುವಾಗ ಹಸಿ ಮಾಂಸ ಕಂಡಿತು. ಅವಳು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಒಂದು ಸಲವೂ ನರಳಲಿಲ್ಲ.

ಆಮೇಲೆ ಡಾಕ್ಟರು ನನ್ನನ್ನು ಬದಿಗೆ ಕರೆದು ವಿವರಿಸಿದರು. ಈ ವಿಷ ರಕ್ತದಲ್ಲಿ ಹೋಗುವುದಲ್ಲ, ನರ ಹಿಡಿದು ನಿಧಾನವಾಗಿ ಮಿದುಳಿಗೆ ಏರುತ್ತದೆ. ಇಂಜೆಕ್ಷನ್ ಮೈಯಲ್ಲಿ ಕೆಲಸ ಶುರುಮಾಡಲು ಕೆಲವು ದಿನ ಬೇಕು. ಯಾವುದು ಮೊದಲು ಮುಟ್ಟುತ್ತದೆಯೋ ಅದು ಗೆಲ್ಲುತ್ತದೆ. "ಕೈಯಿಂದ ದಾರಿ ಉದ್ದ. ಆಕೆ ಬದುಕುವ ಹಾಗೆ ಕಾಣ್ತದೆ. ಮುಖದಿಂದ ದಾರಿ ಗಿಡ್ಡ. ಸೋಮವಾರವೇ ಬಂದಿದ್ದರೆ ಧೈರ್ಯ ಹೇಳ್ತಿದ್ದೆ." ಇಂದು ಶುಕ್ರವಾರ ಎಂದು ಅವರು ಹೇಳಲಿಲ್ಲ. ನಾನೇ ಬೆರಳು ಮಡಚಿದೆ.

ದಿನಕ್ಕೆ ಒಂದರ ಹಾಗೆ ಹದಿನಾಲ್ಕು ಇಂಜೆಕ್ಷನ್, ಹೊಟ್ಟೆಗೆ. ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ. ಸೂಜಿಯನ್ನು ಸ್ಟವ್ವಿನ ಮೇಲೆ ಕುದಿಸಿ, ಚಿಮ್ಮಟದಲ್ಲಿ ಎತ್ತಿ ಆರಿಸಿ ಚುಚ್ಚುತ್ತಿದ್ದರು. ಚುಚ್ಚಿದ ಕಡೆ ನಿಂಬೆಹಣ್ಣಿನಷ್ಟು ದಪ್ಪ ಬಾತು ಕೆಂಪಾಗುತ್ತಿತ್ತು, ಮಗ್ಗುಲಾಗಿ ಮಲಗಲು ಆಗುತ್ತಿರಲಿಲ್ಲ. ಪೇಟೆಯಲ್ಲಿ ನನ್ನ ಪರಿಚಯದ ಹೋಟೆಲಿನವರು ಹಿಂದಿನ ಜಗಲಿಯಲ್ಲಿ ಇಬ್ಬರಿಗೂ ಇರಲು ಜಾಗ ಕೊಟ್ಟರು. ಗಂಡ ಊರಿನ ಕೆಲಸಕ್ಕೆ ಹಿಂದಿರುಗಿದ. ನಾನು ದಿನ ಬಿಟ್ಟು ದಿನ ಹೋಗಿ ಬರುತ್ತಿದ್ದೆ. ಅತ್ತೆ ಹೋಟೆಲಿನ ಅಡಿಗೆಮನೆಯಿಂದ ಹದಿನಾಲ್ಕು ಹುಣಸೆಬೀಜ ತಂದು ಸೆರಗಿಗೆ ಕಟ್ಟಿಕೊಂಡಿದ್ದಳು. ಪ್ರತಿ ಸೂಜಿಗೆ ಒಂದು ಬೀಜವನ್ನು ಬಿಸಾಡಬೇಕು. ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಇವರಿಗೆ ಲೆಕ್ಕ ಬರುವುದಿಲ್ಲ ಧಣಿ, ನಿನ್ನೆ ಎರಡು ಬಿಸಾಡಿದ್ದಾರೆ," ಎಂದು ಒಂದು ದಿನ ಹೇಳಿದಳು. ಆಗ ಅವಳ ತುಟಿಯ ಗಾಯ ಕೂಡಿಕೊಂಡು ಬಂದಿತ್ತು. ಅವಳು ಬದುಕುತ್ತಾಳೆ ಎಂದು ನನಗೆ ಆ ದಿನ ಗಟ್ಟಿಯಾಗಿ ಅನಿಸಿತು.

ಹದಿನಾಲ್ಕೂ ಮುಗಿಯಿತು. ಅದೇ ದೋಣಿಯಲ್ಲಿ ಹಿಂದಿರುಗಿದೆವು. ಮನೆಗೆ ಬಂದ ಐದನೇ ದಿನ ಬೆಳಿಗ್ಗೆ ಗಂಡ ಓಡಿ ಬಂದ. ಸೊಸೆ ಬೀಡಿ ಕಟ್ಟುತ್ತಾ ಕೂತವಳು ಕೆನ್ನೆಯಲ್ಲಿ ಇರುವೆ ಹರಿದ ಹಾಗೆ ಆಗುತ್ತದೆ ಎಂದು ಉಜ್ಜಿಕೊಳ್ಳುತ್ತಿದ್ದಳಂತೆ. ನಾನು ಹೋಗಿ ನೋಡಿದಾಗ ಗಾಯ ಒಣಗಿತ್ತು, ಜ್ವರ ಸ್ವಲ್ಪ ಇತ್ತು. ಅತ್ತೆ ಎಳನೀರು ಕೆತ್ತಿ ಕೊಟ್ಟಳು. ಲೋಟ ಬಾಯಿಯ ಹತ್ತಿರ ತಂದದ್ದೇ ಸೊಸೆಯ ಗಂಟಲು ಎಳೆದು ಹಿಡಿದು ಲೋಟ ಕೈಯಿಂದ ಜಾರಿತು. ಅವಳು ಆಶ್ಚರ್ಯದಿಂದ ನಮ್ಮೆಲ್ಲರ ಮುಖ ನೋಡಿದಳು. "ಬಾಯಾರಿಕೆ ಉಂಟು, ಕುಡಿಯಲಿಕ್ಕೆ ಯಾಕೆ ಆಗುವುದಿಲ್ಲ?" ಎಂದು ಕೇಳಿದಳು.

ನನಗೆ ಗೊತ್ತಾಯಿತು. ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಮೂಡಬಿದ್ರೆಗೆ ಓಡಿದೆ. ಡಾಕ್ಟರು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಜೊತೆ ದೋಣಿ ಹತ್ತಿ ಬಂದರು, ನಿದ್ದೆ ಬರಲು ಏನೋ ಚುಚ್ಚಿದರು, ಅದಕ್ಕಿಂತ ಹೆಚ್ಚಿಗೆ ಜಗತ್ತಿನಲ್ಲಿ ಯಾರ ಹತ್ತಿರವೂ ಏನೂ ಇಲ್ಲ ಎಂದರು. ಮೂರು ದಿನ ಅವಳು ಬದುಕಿದ್ದಳು. ಬಾಗಿಲು ತೆರೆದರೆ ಬರುವ ಗಾಳಿಗೂ ಗಂಟಲು ಹಿಡಿಯುತ್ತಿತ್ತು. ನಡುನಡುವೆ ಪೂರ್ತಿ ಎಚ್ಚರವಿದ್ದು ಅತ್ತೆಯನ್ನು ಕರೆಯುತ್ತಿದ್ದಳು. ಉಳಿದದ್ದನ್ನು ನಾನು ಬರೆಯಲಾರೆ. ಮೂರನೇ ದಿನ ಮಧ್ಯಾಹ್ನ ಹೋದಳು.

ಹೊಳೆ ದಾಟಿದ್ದಕ್ಕೆ ಹೋದಳು ಎಂದು ಊರು ಹೇಳಿತು. ಒಂದು ಸಲವಲ್ಲ, ಹೋಗುವಾಗ ಒಂದು, ಬರುವಾಗ ಒಂದು. ದೋಣಿಯಲ್ಲಿ ನೀರು ಬೇರೆ ನೋಡಿದ್ದಾಳೆ ಎಂದು ದೋಣಿಯವನೇ ಸಾಕ್ಷಿ ಹೇಳಿದ. ಅವಳ ಉತ್ತರಕ್ರಿಯೆಗೆ ಹಾಕಿದ ಬೊಜ್ಜದ ಊಟದಲ್ಲಿ ನನ್ನ ಬದಿಯಲ್ಲಿ ಯಾರೂ ಕೂರಲಿಲ್ಲ. ನಮ್ಮ ಚಾವಡಿಗೆ ಬಂದವರೊಬ್ಬರು ಕೇಳಿದ್ದಕ್ಕೆ ಮಾವ, "ನಾನು ಪಥ್ಯ ಬಿಡಿಸಿಲ್ಲ," ಎಂದು ಇದ್ದದ್ದನ್ನು ಹೇಳಿಬಿಟ್ಟರು. ಮಾರನೇ ದಿನ ಗಂಡ ನಮ್ಮ ಅಂಗಳಕ್ಕೆ ಬಂದ.

"ಬಿಡಿಸಿಲ್ಲ ಅಂತ ದೊಡ್ಡ ಧಣಿ ಹೇಳಿದ್ದು ಹೌದಾ?"

"ಹೌದು. ನಾನು ಸುಳ್ಳು ಹೇಳಿದೆ," ಎಂದೆ. "ಆದರೆ ಅವಳು ಸತ್ತದ್ದು ಹೊಳೆ ದಾಟಿದ್ದಕ್ಕಲ್ಲ. ಮೊದಲ ದಿನವೇ ದಾಟಿಸದೆ ನಾನು ನಾಲ್ಕು ದಿನ ಕೂರಿಸಿದ್ದಕ್ಕೆ."

ಅವನು ನನ್ನನ್ನು ನೋಡುತ್ತಾ ನಿಂತ. ನಾನು ಹೇಳಿದ್ದರಲ್ಲಿ ಅವನಿಗೆ ಕೇಳಿಸಿದ್ದು ಮೊದಲ ಮಾತು ಮಾತ್ರ. ತಿರುಗಿ ಹೋದ. ಅನಂತರದ ವರ್ಷಗಳಲ್ಲಿ ಗದ್ದೆಯ ಕೆಲಸಕ್ಕೆ ಬಂದರೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಮದ್ದು ಕೊಡುವುದನ್ನು ನಿಲ್ಲಿಸಿದೆ. ಅರೆಯುವ ಕಲ್ಲನ್ನು ಹಟ್ಟಿಯ ಮೆಟ್ಟಿಲಿಗೆ ಹಾಕಿಸಿದೆ. ಆಮೇಲೆ ಮಾವ ಆ ಮೆಟ್ಟಿಲಿನಿಂದ ಹಟ್ಟಿಗೆ ಇಳಿದದ್ದನ್ನು ನಾನು ಕಾಣಲಿಲ್ಲ. ಹಸುರು ಮದ್ದೆಲ್ಲ ಸುಳ್ಳು ಎಂದು ನಾನು ಇಂದಿಗೂ ಹೇಳುವವನಲ್ಲ. ಕೆಮ್ಮಿಗೆ ಆಡುಸೋಗೆ ಕುಡಿಯುತ್ತೇನೆ, ಹೊಟ್ಟೆ ಕೆಟ್ಟರೆ ದಾಳಿಂಬೆ ಸಿಪ್ಪೆ ಅರೆಯುತ್ತೇನೆ. ಕೆಮ್ಮಾದರೆ ಗುಣವಾಯಿತೋ ಇಲ್ಲವೋ ಎಂದು ಎರಡು ದಿನದಲ್ಲಿ ನನಗೇ ಗೊತ್ತಾಗುತ್ತದೆ. ಈ ಮದ್ದಿನಲ್ಲಿ ಅದು ಗೊತ್ತಾಗುವಾಗ ಮಾಡಲು ಏನೂ ಉಳಿದಿರುವುದಿಲ್ಲ.

ಆ ಮಳೆಗಾಲದಲ್ಲಿ ಶೇಂದಿ ತೆಗೆಯುವವನೊಬ್ಬನಿಗೆ ನಾಯಿ ಕಚ್ಚಿತು. ಮೂಡಬಿದ್ರೆಗೆ ಬಾ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಕೈಮುಗಿದೆ. "ಒಬ್ಬಳನ್ನು ದಾಟಿಸಿದ್ದು ಸಾಕು," ಎಂದು ಇನ್ನೆಲ್ಲೋ ಮದ್ದು ತಿಂದು ಮನೆಯಲ್ಲೇ ಕೂತ. ಅವನಿಗೆ ಏನೂ ಆಗಲಿಲ್ಲ. ಕಚ್ಚಿದ ನಾಯಿ ಎರಡು ತಿಂಗಳಾದ ಮೇಲೂ ಅಂಗಡಿಯ ಮುಂದೆ ಬಾಲ ಅಲ್ಲಾಡಿಸಿಕೊಂಡು ಇತ್ತು, ಅದಕ್ಕೆ ಹುಚ್ಚು ಇರಲೇ ಇಲ್ಲ. ಆದರೆ ಊರಿಗೆ ಬೇಕಾದ ಸಾಕ್ಷಿ ಸಿಕ್ಕಿಬಿಟ್ಟಿತು. ಹೊಳೆ ದಾಟಿದವಳು ಸತ್ತಳು, ದಾಟದವನು ಬದುಕಿದ.

ಮರುವರ್ಷ ನಮ್ಮ ಮನೆಯಿಂದ ಸ್ವಲ್ಪ ಆಚೆ ಒಬ್ಬ ಬಾಣಂತಿಯ ಭುಜಕ್ಕೆ ನಾಯಿ ಕಚ್ಚಿತು. ಈ ಸಲ ನಾಯಿ ಬಾಯಲ್ಲಿ ಜೊಲ್ಲು ಸುರಿಸುತ್ತಾ ಎರಡು ಕರುಗಳನ್ನೂ ಕಚ್ಚಿತ್ತು. ಅವಳ ಮನೆಯವರು ತೆಂಗಿನಕಾಯಿ ಹಿಡಿದುಕೊಂಡು ನಮ್ಮ ಅಂಗಳಕ್ಕೇ ಬಂದರು. ಗಾಯ ತೊಳೆಸಿದೆ. ಮದ್ದು ಇಲ್ಲ, ಮೂಡಬಿದ್ರೆಗೆ ಹೋಗುವ ಎಂದೆ. ಅವಳ ಗಂಡನ ಕಡೆಯ ಹಿರಿಯರು ಗೊಣಗಲು ಶುರುಮಾಡಿದರು. ಅಷ್ಟರಲ್ಲಿ ಯಾರಿಂದಲೋ ಕೇಳಿ ನಮ್ಮ ಒಕ್ಕಲಿನ ಅತ್ತೆ ಬಂದಳು. ಸೊಸೆ ಹೋದ ಮೇಲೆ ಅವಳು ನಮ್ಮ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು.

ಅವಳು ನನ್ನ ಕಡೆ ನೋಡಲಿಲ್ಲ. ಹಿರಿಯರ ಮುಂದೆ ಹೋಗಿ ಅಂಗೈ ಬಿಡಿಸಿ ಹಲ್ಲಿನ ಗುರುತು ತೋರಿಸಿದಳು.

"ಒಂದೇ ನರಿ ನಮ್ಮಿಬ್ಬರನ್ನು ಕಚ್ಚಿದ್ದು. ಒಂದೇ ದೋಣಿಯಲ್ಲಿ ನಾವು ದಾಟಿದ್ದು. ಅವಳೂ ಎರಡು ಸಲ, ನಾನೂ ಎರಡು ಸಲ. ಹೊಳೆ ಕೊಲ್ಲುವುದಾದರೆ ನನ್ನನ್ನು ಯಾಕೆ ಬಿಟ್ಟಿತು? ನನ್ನ ಮೇಲೆ ಅದಕ್ಕೆ ಎಂತ ಪ್ರೀತಿ?"

ಅವಳು ಸೆರಗಿನ ಗಂಟು ಬಿಚ್ಚಿ ಬಾಣಂತಿಯ ಕೈಗೆ ಹುಣಸೆಬೀಜ ಹಾಕಿದಳು. "ಹದಿನಾಲ್ಕು ಉಂಟು. ದಿನಕ್ಕೆ ಒಂದು. ನೋವಾಗ್ತದೆ. ಏಳು ಮಗಳೇ, ಇವತ್ತೇ ಹೋಗುವ."

ಕಡವಿನ ದಾರಿಯಲ್ಲಿ ಅವಳು ನನ್ನ ಸಮಕ್ಕೆ ನಡೆಯುತ್ತಾ ಬಂದಳು. ಒಕ್ಕಲಿನವರು ಧಣಿಯ ಸಮಕ್ಕೆ ನಡೆಯುವ ಕಾಲ ಅದಾಗಿರಲಿಲ್ಲ.

"ನೀವು ನಮ್ಮನ್ನು ನಾಲ್ಕು ದಿನ ಕೂರಿಸಿದ್ದು ನನಗೆ ಗೊತ್ತುಂಟು ಧಣಿ," ಎಂದಳು. "ಮಗನಿಗೆ ನೀವು ಹೇಳಿದ್ದು ಅವನಿಗೆ ಅರ್ಥ ಆಗಲಿಲ್ಲ. ನನಗೆ ಆಗಿದೆ. ಮುಖ ತೊಳೆಯಲಿಕ್ಕೂ ಬಿಡಲಿಲ್ಲ ನೀವು ಅವಳಿಗೆ."

"ಹೌದು," ಎಂದೆ.

"ಊರಿಗೆ ನಾನು ಹೇಳುವುದಿಲ್ಲ. ಹೇಳಿದರೆ ಇವರು ನಿಮ್ಮ ಮಾತನ್ನೂ ಕೇಳುವುದಿಲ್ಲ, ಇನ್ನೊಬ್ಬರ ಹತ್ತಿರ ಬೇರು ತಿನ್ನಲಿಕ್ಕೆ ಹೋಗ್ತಾರೆ. ಆದರೆ ಇನ್ನು ಯಾರಿಗೆ ಕಚ್ಚಿದರೂ ನಾನು ಹೇಳಿ ಕಳಿಸ್ತೇನೆ. ಆ ದಿನವೇ ನೀವು ಬರಬೇಕು. ಎಂತ ಕೆಲಸ ಇದ್ದರೂ ಬಿಟ್ಟು ಬರಬೇಕು."

ಬಂದೆ. ಅವಳು ಬದುಕಿದ್ದಷ್ಟು ವರ್ಷ, ಹೇಳಿ ಕಳಿಸಿದಾಗಲೆಲ್ಲ ಬಂದೆ. ನೇಗಿಲು ಬಿಟ್ಟು ಬಂದೆ, ಒಮ್ಮೆ ಸ್ವಂತ ತಂಗಿಯ ಮದುವೆಯ ಚಪ್ಪರದಿಂದ ಎದ್ದು ಬಂದೆ. ಆ ಬಾಣಂತಿ ಬದುಕಿದಳು. ಆಮೇಲೆ ಹೋದವರಲ್ಲಿ ಹೆಚ್ಚಿನವರು ಬದುಕಿದರು, ಎಲ್ಲರೂ ಅಲ್ಲ. ಪ್ರತಿ ಸಲವೂ ದೋಣಿ ನಡುಹೊಳೆಗೆ ಬಂದಾಗ ಅವಳು ಕಚ್ಚಿಸಿಕೊಂಡವರ ತಲೆಯ ಮೇಲಿನ ಸೆರಗನ್ನೋ ಮುಂಡಾಸನ್ನೋ ಹಿಂದಕ್ಕೆ ಸರಿಸಿ, "ನೀರು ನೋಡಿ, ಏನೂ ಆಗುವುದಿಲ್ಲ," ಎನ್ನುತ್ತಿದ್ದಳು. ಅವರು ಹೆದರುತ್ತಾ ಬಗ್ಗಿ ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು. ನಾನು ಮಾತ್ರ ಆಚೆಯ ದಡವನ್ನೇ ನೋಡುತ್ತಾ ಕೂರುತ್ತಿದ್ದೆ.